ತಳ ಕಾಣೋ ನೀರು

ಗ್ರೀಸ್ ದೇಶಕ್ಕೆ ಹೋಗೋಣ ಅಂತ ಮೊದಲು ಬಾಯಿಬಿಟ್ಟವಳು ನಾನಲ್ಲ, ನಮ್ಮವ್ವ. ನಂಬಿಕೆ ಬರದವರು ಹಡಗಲಿಗೆ ಬಂದು ನಮ್ಮಪ್ಪನನ್ನೇ ಕೇಳಿ ನೋಡಬಹುದು.

ನಾನು ಹರಪನಹಳ್ಳಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ರಜೆ ಸಿಕ್ಕ ಭಾನುವಾರ ಮನೆಗೆ ಹೋದರೆ ಅವ್ವ ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ಕೂತಿದ್ದಳು. ಅದರಲ್ಲಿ ಯಾರೋ ಬಿಳಿ ಹೆಂಗಸು ಸಮುದ್ರದ ಮೇಲೆ ಬೋರಲು ತೇಲುತ್ತಿದ್ದಳು. ಕಣ್ಣಿಗೆ ಗಾಜಿನ ಮುಖವಾಡ, ಬಾಯಲ್ಲಿ ಒಂದು ನಳಿಗೆ. ನಳಿಗೆಯ ತುದಿ ಮಾತ್ರ ನೀರಿನ ಮೇಲೆ. ಅವಳ ಕೆಳಗೆ ಮರಳು, ಕಲ್ಲು, ಮೀನು ಎಲ್ಲವೂ ಗಂಗಾಳದಲ್ಲಿ ಬಡಿಸಿಟ್ಟ ಹಾಗೆ ಕಾಣುತ್ತಿದ್ದವು.

"ರೇಖಾ, ಇದೆಲ್ಲೈತಿ?"

"ಗ್ರೀಸ್ ಅಂತ. ಮೆಡಿಟರೇನಿಯನ್ ಸಮುದ್ರ."

"ಇಲ್ಲಿ ತಳ ಕಾಣ್ತೈತಿ ನೋಡಲೇ."

"ಹ್ಞೂಂ, ಕಾಣ್ತೈತಿ."

"ಹೋಗಾನ."

ಸಂತಿಗೆ ಹೋಗಾನ ಅಂದಷ್ಟೇ ಸಲೀಸಾಗಿ ಅಂದಳು. ಬಾಗಿಲಲ್ಲಿ ಗಡ್ಡ ಕೆರೆಯುತ್ತಿದ್ದ ಅಪ್ಪ ರೇಜರ್ ಕೆಳಗಿಟ್ಟ. ಅಪ್ಪನ ಹೆಸರು ಭೀಮರಾಜ, ಹಡಗಲಿ ಡಿಪೋದಲ್ಲಿ ಬಸ್ ಓಡಿಸಿ ನಿವೃತ್ತನಾದವನು.

"ನೀವು ಹೋಗ್ರಿ. ಸ್ಟೇರಿಂಗ್ ನನ್ ಕೈಯಾಗ ಇಲ್ಲದ ಗಾಡಿ ನಾ ಹತ್ತಂಗಿಲ್ಲ. ಅದ್ರಾಗೂ ಮ್ಯಾಲೆ ಹಾರೋ ಗಾಡಿ" ಎಂದು ಮತ್ತೆ ಗಡ್ಡಕ್ಕೆ ಸೋಪು ಹಚ್ಚಿದ.

ಅವ್ವನಿಗೆ ಯಾಕೆ ಈ ತಳದ ಹುಚ್ಚು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಗೊತ್ತಿತ್ತು. ನಿಮಗೆ ಹೇಳಬೇಕು.

ಅವ್ವ ಕನಕಮ್ಮ ಹುಟ್ಟಿದ್ದು ಕೂಡ್ಲಿಗಿ ಕಡೆ, ಹೊಸಹಳ್ಳಿಯಿಂದ ಆಚೆಗಿನ ಒಂದು ಒಣ ಊರಲ್ಲಿ. ಹೊಳೆ ಇಲ್ಲ, ಕೆರೆ ಇದ್ದರೂ ಹೆಸರಿಗೆ. ಊರಿಗೆಲ್ಲ ತಿಳಿನೀರು ಅಂದರೆ ಗೌಡರ ತೋಟದ ಬಾವಿ ಒಂದೇ. ಸುತ್ತ ಕಲ್ಲು ಕಟ್ಟಿ, ಒಳಕ್ಕೆ ಮೆಟ್ಟಿಲು ಇಳಿಸಿದ ಬಾವಿ. ಅದರ ತಳದಲ್ಲಿ ಒಂದು ಬಸವಣ್ಣನ ಕಲ್ಲು ಕೂತಿದೆ ಎಂದು ಮೇಲಿನ ಓಣಿಯ ಹುಡುಗರು ಮುಳುಗಿ ಮುಟ್ಟಿ ಬಂದು ಹೇಳುತ್ತಿದ್ದರು. ನಮ್ಮ ಕೇರಿಯವರು ಕೊಡ ಹಿಡಿದು ಬೇವಿನ ಮರದ ಹತ್ತಿರ ನಿಲ್ಲಬೇಕು. ಮೇಲಿನ ಓಣಿಯವರು ಯಾರಾದರೂ ಬಂದು, ಮನಸ್ಸಾದರೆ, ಸೇದಿ ಎತ್ತರದಿಂದ ಸುರಿಯಬೇಕು.

ಒಂದು ಬೇಸಿಗೆಯ ಮಟಮಟ ಮಧ್ಯಾಹ್ನ ಅವ್ವ ಕೊಡ ಹಿಡಿದು ನಿಂತೇ ಇದ್ದಳು. ಪುಟ್ಟ ಹುಡುಗಿ. ಸೇದುವವರು ಯಾರೂ ಬರಲಿಲ್ಲ. ಕಾಲು ಸುಡುತ್ತಿತ್ತು. ಕೊಡ ಅಲ್ಲೇ ಇಟ್ಟು ಮೆಟ್ಟಿಲು ಇಳಿದಳು. ಮೆಟ್ಟಿಲ ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಮುಳುಗಿ, ಒಳಗೆ ಕಣ್ಣು ಬಿಟ್ಟಳು. ಹಸಿರು ಬೆಳಕು. ಕೆಳಗೆ, ದೂರದಲ್ಲಿ, ಏನೋ ಬೆನ್ನಿನ ಹಾಗೆ ದುಂಡಗೆ. ಬಸವಣ್ಣನೋ ಬರೀ ಕಲ್ಲೋ ಗೊತ್ತಾಗುವುದರೊಳಗೆ ಯಾರೋ ಜಡೆ ಹಿಡಿದು ಮೇಲಕ್ಕೆ ಎಳೆದರು.

ಆಮೇಲೆ ನಮ್ಮಜ್ಜ ಗೌಡರ ಅಂಗಳದಲ್ಲಿ ಉದ್ದಕ್ಕೆ ಬಿದ್ದು ಕೈಮುಗಿದ. ಇದನ್ನು ಅವ್ವ ಹೇಳುವುದಿಲ್ಲ, ಅಜ್ಜಿ ಹೇಳಿದ್ದು. ಗೌಡರು ಡೀಸೆಲ್ ಎಂಜಿನ್ ತರಿಸಿ, ಹಗಲೂ ರಾತ್ರಿ ಓಡಿಸಿ, ಬಾವಿಯನ್ನು ತಳದ ರಾಡಿ ಬರುವ ತನಕ ಖಾಲಿ ಮಾಡಿಸಿದರು. ಹೊಸ ಊಟೆಯ ನೀರು ಬಂದ ಮೇಲೆ ಪೂಜೆ ಮಾಡಿಸಿದರು.

ಆದರೆ ಗೌಡರು ಒಂದು ಯೋಚನೆ ಮಾಡಿರಲಿಲ್ಲ. ಎಂಜಿನ್ ಹೊರಗೆ ಚೆಲ್ಲಿದ ನೀರು ಎಲ್ಲಿಗೆ ಹರಿಯಬೇಕು? ಇಳಿಜಾರಿಗೆ. ಇಳಿಜಾರಿನಲ್ಲಿ ಯಾರಿದ್ದರು? ನಾವು. ಆ ಬಿರುಬೇಸಿಗೆಯಲ್ಲಿ ನಮ್ಮ ಕೇರಿಯ ಹೆಂಗಸರು ಕೊಡ, ಗಡಿಗೆ, ಬಾನಿ, ಕೊನೆಗೆ ರೊಟ್ಟಿ ಹಿಟ್ಟಿನ ಡಬ್ಬಿ ಕೂಡ ತುಂಬಿಸಿದರು. ಮಕ್ಕಳಿಗೆ ಎರೆದರು, ಕುರಿಗೆ ಕುಡಿಸಿದರು. ಅಂಜಿನಕ್ಕ, ಅಂದರೆ ನಮ್ಮಜ್ಜಿ, ಮೇಲಿನ ಓಣಿಗೆ ಕಾಣಲಿ ಅಂತ ಮಗಳ ಬೆನ್ನಿಗೆ ಒಂದು ಗುದ್ದಿ, ಒಳಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದಳಂತೆ: "ಈ ನೀರು ತೀರಿದ ಮ್ಯಾಲೆ ಇನ್ನೊಮ್ಮಿ ಜಿಗಿಯವ್ವ."

ಮುಂದೆ ಅವ್ವನನ್ನು ಕೊಟ್ಟದ್ದು ಮಾಗಳಕ್ಕೆ, ತುಂಗಭದ್ರೆಯ ದಂಡೆಗೆ. ಅತ್ತೆ ಎರ್ರಮ್ಮ ಸೊಸೆಯ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಹೊಳೆಗೆ ನೂಕಿ ಈಜು ಕಲಿಸಿದಳು. "ಹೊಳಿ ದಂಡಿಗೆ ಬಂದು ಈಜು ಬರಂಗಿಲ್ಲ ಅಂದ್ರ ನನಗ ಮರ್ಯಾದಿ ಹೋಗ್ತೈತಿ" ಎನ್ನುತ್ತಿದ್ದಳಂತೆ. ಈಜು ಬಂತು. ಆದರೆ ಹೊಳೆಯಲ್ಲಿ ಕಣ್ಣು ಬಿಟ್ಟರೆ ಬರೀ ಕೆಂಪು ರಾಡಿ. ತಳ ಅನ್ನುವುದು ಅವ್ವನಿಗೆ ಆ ಮಧ್ಯಾಹ್ನ ಅರ್ಧಕ್ಕೆ ನಿಂತದ್ದು, ಅರ್ಧಕ್ಕೇ ನಿಂತಿತ್ತು.

ಹಗರಿಬೊಮ್ಮನಹಳ್ಳಿಯ ಗುರುಮೂರ್ತಿ ಕಾಶಿ, ರಾಮೇಶ್ವರ, ಶಿರಡಿಗೆ ಬಸ್ ಹೊರಡಿಸುವವನು. ಆ ವರ್ಷ ಧೈರ್ಯ ಮಾಡಿ 'ಗ್ರೀಸ್ ದ್ವೀಪಗಳ ಬೇಸಿಗೆ ಪ್ರವಾಸ, ಶುದ್ಧ ಸಸ್ಯಾಹಾರಿ ಅಡುಗೆಯವರೊಂದಿಗೆ' ಎಂದು ಬೋರ್ಡು ಬರೆಸಿದ್ದ. ಹೆಸರು ಕೊಟ್ಟೆವು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಉಳಿದವರೆಲ್ಲ ಸೇರಿದಾಗ, ಬಿಳಿ ಅಂಗಿ ತೊಟ್ಟ ಎತ್ತರದ ಹಿರಿಯರೊಬ್ಬರು ಅವ್ವನನ್ನೇ ನೋಡುತ್ತ ಬಂದರು.

"ಏ, ನೀ ಕನಕಿ ಅಲ್ಲೇನು? ನಮ್ಮೂರ ಅಂಜಿನಿ ಮಗಳು?"

ಅವ್ವ ಅವರನ್ನು ಅಡಿಯಿಂದ ಮುಡಿತನಕ ನೋಡಿದಳು.

"ಹೌದು ಬಸಣ್ಣ. ಆರಾಮದೀ?"

ಅವರ ಪಕ್ಕದಲ್ಲಿದ್ದ ಹೆಂಡತಿ ಶಿವಬಸಮ್ಮ ಕಣ್ಣು ಪಿಳುಕಿಸಿದರು. ಗುರುಬಸವರಾಜ ಗೌಡರನ್ನು 'ಬಸಣ್ಣ' ಎಂದು ಏಕವಚನದಲ್ಲಿ ಕರೆದವರನ್ನು ಅವರು ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಗೌಡರು ಕೆಮ್ಮಿ, "ಆರಾಮ, ಆರಾಮ" ಎಂದು ಟ್ರಾಲಿ ತಳ್ಳಿಕೊಂಡು ಹೋದರು.

"ಯಾರವ್ವ ಅದು?" ಎಂದೆ.

"ಆ ಬಾವಿ ಗೌಡ್ರ ಮಗ. ಮೆಟ್ಲ ಮ್ಯಾಲೆ ನಿಂತು ಕೂಗಿದಾವ ಅವನೇ. 'ಅಪ್ಪಾ, ಬಾವ್ಯಾಗ ಕೇರಿ ಹುಡುಗಿ ಬಿದ್ದಾಳ' ಅಂತ." ಚೀಲ ಹೆಗಲಿಗೇರಿಸಿ, "ಬಿದ್ದಿರಲಿಲ್ಲ ನಾನು, ಇಳಿದಿದ್ದೆ" ಎಂದಳು.

ಅಥೆನ್ಸ್ ಹತ್ತಿರದ ಬಂದರಿನಲ್ಲಿ ಫೆರ್ರಿ ಹಿಂದಿನ ಬಾಯಿ ತೆರೆದು ಲಾರಿ, ಕಾರು, ಬೈಕು, ನಮ್ಮನ್ನು ಎಲ್ಲ ಒಟ್ಟಿಗೆ ನುಂಗಿತು. ಹಡಗು ದಂಡೆ ಬಿಡುತ್ತಿದ್ದಂತೆ ನಮ್ಮ ಗುಂಪಿನ ಹೆಂಗಸರೆಲ್ಲ ಚೀಲಕ್ಕೆ ಕೈಹಾಕಿದರು. ಹೊಳೆ ದಾಟುವಾಗ ಗಂಗವ್ವನಿಗೆ ಕಾಸು ಹಾಕದೆ ದಾಟುವುದುಂಟೇ? ಶಿವಬಸಮ್ಮನವರು ಒಂದು ರೂಪಾಯಿ ನಾಣ್ಯ ಹಣೆಗೆ ಒತ್ತಿ ಬೀಸಿ ಒಗೆದರು. ಗಾಳಿ ಅದನ್ನು ಹಿಡಿದು ತಂದು ಕೆಳಗಿನ ಅಂತಸ್ತಿನಲ್ಲಿ ಕಾಫಿ ಕುಡಿಯುತ್ತಿದ್ದ ಒಬ್ಬ ಬೋಳುತಲೆಯವನ ಕಪ್ಪಿನೊಳಗೆ ಹಾಕಿತು. ಅವನು ತಲೆ ಎತ್ತಿ ಆಕಾಶ ನೋಡಿದ.

"ಕನಕಮ್ಮಾ, ಬೈತಾನೇನು?" ಶಿವಬಸಮ್ಮ ಅವ್ವನ ಬೆನ್ನ ಹಿಂದೆ ಅಡಗಿದರು.

"ಕೈಮುಗೀರಿ, ಪ್ರಸಾದ ಅನ್ಕಂತಾನ" ಎಂದಳು ಅವ್ವ. ಇಬ್ಬರೂ ಕೈಮುಗಿದರು. ಆ ಮನುಷ್ಯ ಕಪ್ಪು ಎತ್ತಿ ನಕ್ಕ. ಆಮೇಲೆ ಆ ಇಬ್ಬರು ಹೆಂಗಸರೂ ಒಂದೇ ಬೆಂಚಿನಲ್ಲಿ ಕೂತು ಒಗ್ಗರಣೆ ಮಂಡಕ್ಕಿ ತಿಂದರು. ಹಾಗೆ ತಿನ್ನುವುದನ್ನು ಗೌಡರು ಕಂಬಿ ಹಿಡಿದು ನೋಡುತ್ತಿದ್ದರು. ಹೆಂಡತಿಯನ್ನು ಕರೆಯಲಿಲ್ಲ, ಹತ್ತಿರವೂ ಬರಲಿಲ್ಲ.

ಪಾರೋಸ್ ಅನ್ನುವ ದ್ವೀಪದಲ್ಲಿ ಇಳಿದೆವು. ಬಿಳಿ ಮನೆಗಳು, ನೀಲಿ ಬಾಗಿಲು, ಓಣಿಗಳಿಗೂ ಸುಣ್ಣದ ಗೆರೆ. ರಾತ್ರಿ ಊಟದ ಹೊತ್ತಿಗೆ ಗೌಡರು ತಮ್ಮ ಬಾವಿಯ ಸುದ್ದಿ ತೆಗೆದರು. ನಾಳೆ ನಳಿಗೆ ಕಚ್ಚಿ ಸಮುದ್ರಕ್ಕೆ ಇಳಿಯುವ ದಿನವಲ್ಲವೇ?

"ನಮಗೇನು ಹೊಸಾದಲ್ಲಪ್ಪ. ನಮ್ಮ ತ್ವಾಟದ ಬಾವಿ ಅಂದ್ರ ಇದಕ್ಕಿಂತ ತಿಳಿ. ತಳದಾಗ ಬಸವಣ್ಣ ಅದಾನ. ನಾನು ಎಷ್ಟು ಸಲ ಮುಟ್ಟಿ ಬಂದೀನಿ!"

"ಹೌದೇನ್ರಿ? ಯಾವ ಕಡಿ ಮುಖ ಮಾಡ್ಯಾನ್ರಿ ಬಸವಣ್ಣ?" ಗುರುಮೂರ್ತಿ ಭಕ್ತಿಯಿಂದ ಕೇಳಿದ.

ಗೌಡರು ಬಾಯಿ ತೆರೆದು ಅವ್ವನ ಕಡೆ ನೋಡಿದರು. ಅವ್ವ ಅನ್ನ ಕಲಸುತ್ತ, "ಹೇಳಪ್ಪ ಬಸಣ್ಣ. ನನಗ ಬರೇ ಬೆನ್ನು ಕಂಡಿತ್ತು" ಎಂದಳು.

ಅಡುಗೆಯವನು ಸಾರು ಬೇಕಾ ಎಂದು ಬಂದ. ಎಲ್ಲರೂ ಬೇಕು ಎಂದರು.

ಬೆಳಿಗ್ಗೆ ಸಣ್ಣ ದೋಣಿಯಲ್ಲಿ ನಮ್ಮನ್ನು ಒಂದು ಕೊಲ್ಲಿಗೆ ಕರೆದೊಯ್ದವಳು ಎಲೆನಿ ಎಂಬಾಕೆ. ದೋಣಿಯೂ ಅವಳದೇ, ಚುಕ್ಕಾಣಿಯೂ ಅವಳದೇ. ಮೈಯೆಲ್ಲ ಬಿಸಿಲಿಗೆ ಕಂದಿ, ನಮ್ಮ ಅಂಜಿನಕ್ಕನ ಬಣ್ಣಕ್ಕೇ ಬಂದಿದ್ದಳು. ಲಂಗರು ಹಾಕಿದ ಮೇಲೆ ತೇಲುವ ಜಾಕೀಟು ಹಂಚಿದಳು, ಇಳಿಯುವುದು ಹೇಗೆಂದು ಕೈಬಾಯಿ ಮಾಡಿ ತೋರಿಸಿದಳು. ನಳಿಗೆ ಸಮೇತ ಮುಖವಾಡ ಕೆಲವೇ ಇದ್ದವು, ಎಲ್ಲವೂ ಒಂದೇ ತೆರ, ಕಪ್ಪು. ಪಾಳಿ ಮೇಲೆ ಇಳಿಯಬೇಕು. ಒಬ್ಬರದು ಮುಗಿದರೆ ಬಕೀಟಿನ ನೀರಲ್ಲಿ ಅದ್ದಿ ಮುಂದಿನವರಿಗೆ ಕೊಡಬೇಕು.

ಅವ್ವ ಆಗಲೇ ತಯಾರು. ಸೀರೆ ಮಡಚಿಟ್ಟು, ನನ್ನ ಚೂಡಿದಾರದ ಪ್ಯಾಂಟು, ಮೇಲೆ ಏಪ್ರಿಲ್ ಹದಿನಾಲ್ಕರ ಮೆರವಣಿಗೆಗೆ ಕೊಟ್ಟಿದ್ದ ನೀಲಿ ಟೀ-ಶರ್ಟು. ದೋಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟು ಕೆಳಗೆ ನೋಡುತ್ತಿದ್ದಳು. ದೋಣಿಯ ನೆರಳು ತಳದ ಮರಳಿನ ಮೇಲೆ ಅಲ್ಲಾಡುತ್ತಿತ್ತು. ನೀರು ಇದೆ ಅನ್ನುವುದೇ ಮರೆತುಹೋಗಬೇಕು, ಅಷ್ಟು ತಿಳಿ.

ಗೌಡರು ಗುರುಮೂರ್ತಿಯನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದರು. ಅವನು ಕಿವಿ ಕೆರೆದುಕೊಂಡು ಬಂದ.

"ಯಕ್ಕಾ, ನಿಮ್ ಪಾಳಿ ಕಡೀಗೆ ಇಟ್ಕಂತೀನ್ರಿ."

"ಯಾಕಪ್ಪ?"

"ವಯಸ್ಸಾದಾರು ನೀವು..."

"ಬಸಣ್ಣ ನನಗಿಂತ ದೊಡ್ಡಾವ. ಅವನ್ನ ಮೊದಲು ಬರಕಂಡೀಯಲ್ಲ?"

"ಹಂಗಲ್ರಿ ಯಕ್ಕಾ..." ಅವನಿಗೆ ಬೆವರು. "ಆ ನಳಿಗಿ ಬಾಯಾಗ ಇಟ್ಕಳಾದು ಅಲ್ಲೇನ್ರಿ. ಎಂಜಲದ ಮಾತು. ಒಬ್ಬೊಬ್ಬರಿಗೆ ಒಂದೀಟು ಮನಸ್ಸಿಗೆ... ನೀವು ತಿಳಿದಾರು."

ನನಗೆ ನೆತ್ತಿಗೇರಿತು. "ಗುರುಮೂರ್ತಿಯವ್ರ, ಇದನ್ನ ನಿನ್ನಿ ಯಾರು ಕಚ್ಚಿದ್ರು ಗೊತ್ತೇನ್ರಿ ನಿಮಗ?" ಎಂದು, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಎಲೆನಿಯನ್ನೇ ಕೇಳಿದೆ. ಅವಳು ನೆನಪು ಮಾಡಿಕೊಂಡು ಹೇಳಿದಳು: ನಿನ್ನೆ ಜರ್ಮನಿಯವರು. ಮೊನ್ನೆ ಪೋಲೆಂಡಿನವರು, ತುಂಬ ಬಿಯರ್ ಕುಡಿದಿದ್ದರು, ಆದರೆ ಒಳ್ಳೆಯ ಜನ.

"ಕೇಳಿದ್ರೇನ್ರಿ ಗೌಡ್ರೇ?" ನಾನು ದೋಣಿಯೆಲ್ಲ ಕೇಳುವ ಹಾಗೆ ಅಂದೆ. "ಜರ್ಮನಿ ಎಂಜಲ ಆಗ್ತೈತಿ, ಪೋಲೆಂಡ್ ಕುಡುಕರ ಎಂಜಲ ಆಗ್ತೈತಿ, ನಿಮ್ಮೂರ ಕನಕಮ್ಮಂದು ಆಗಂಗಿಲ್ಲ?"

"ನಾ ಏನಂದೆ? ನಾ ಏನೂ ಅಂದಿಲ್ಲವ್ವ" ಎಂದರು ಗೌಡರು. "ಆಕಿ ಕಾಳಜಿಗೆ ಹೇಳಿದೆ. ಸಮುದ್ರ ಅಂದ್ರ ಹುಡುಗಾಟ ಅಲ್ಲ. ಎಲ್ಲಾರೂ ಇಳಿದ ಮ್ಯಾಲೆ ನಿಧಾನಕ ಇಳೀಲಿ."

"ಬಿಡ ರೇಖಾ" ಎಂದಳು ಅವ್ವ. ಇಷ್ಟು ದೂರ ಬಂದು ಬಿಟ್ಟುಕೊಡುತ್ತಾಳೆ ಅಂದುಕೊಂಡೆ. ಬಿಟ್ಟುಕೊಡಲಿಲ್ಲ. ಎಲೆನಿಯ ಕೈಯಿಂದ ಒಂದು ಮುಖವಾಡ ಇಸಕೊಂಡು, ಪಟ್ಟಿ ತಲೆಗೆ ಎಳೆದು, ನಳಿಗೆ ಬಾಯಿಗೆ ಇಡುವ ಮೊದಲು ಗೌಡರ ಕಡೆ ತಿರುಗಿದಳು.

"ಬಸಣ್ಣ, ಆ ಬೇವಿನ ಗಿಡದ ಬುಡಕ್ಕ ನಿಮ್ಮ ಪಾಳಿ ಮುಗೀಲಿ ಅಂತ ಎಷ್ಟು ನಿಂತೀನಿ ಅಂಬೋದು ನಿನಗ ಗೊತ್ತಿಲ್ಲ. ನನಗ ಗೊತ್ತೈತಿ. ಇವತ್ತು ನೀ ನಿಂತ್ಕ. ನಾ ನೋಡಿ ಬರ್ತೀನಿ."

ಜಿಗಿದೇಬಿಟ್ಟಳು. ಇಳಿಯಲಿಲ್ಲ, ಏಣಿ ಮುಟ್ಟಲಿಲ್ಲ. ಮಾಗಳದ ಬಂಡೆ ಮೇಲಿಂದ ಜಿಗಿಯುವ ಹಾಗೆ, ಮುಖವಾಡದ ಮೂಗು ಹಿಡಿದು ಜಿಗಿದಳು. ಚಿಮ್ಮಿದ ನೀರು ಗೌಡರ ಬಿಳಿ ಅಂಗಿಗೂ ಬಡಿಯಿತು.

ನಾನೂ ಹಿಂದೆಯೇ ಇಳಿದೆ. ಉಪ್ಪು ಅಂದರೆ ಉಪ್ಪು, ಉಪ್ಪಿನಕಾಯಿ ಭರಣಿಯಲ್ಲಿ ಬಿದ್ದ ಹಾಗೆ. ಮೊದಲು ನಳಿಗೆಯಲ್ಲಿ ಉಸಿರು ಸಿಗಲಿಲ್ಲ, ಕೆಮ್ಮಿದೆ. ಅವ್ವ ಆಗಲೇ ಬೋರಲು ಬಿದ್ದು ಕೈಚಾಚಿ ತೇಲುತ್ತಿದ್ದಳು. ಅವಳ ಕೆಳಗೆ ಬಿಸಿಲು ಮರಳಿನ ಮೇಲೆ ಬಲೆ ಹೆಣೆಯುತ್ತಿತ್ತು. ಬೆರಳುದ್ದದ ಮೀನುಗಳ ಹಿಂಡು ಅವಳ ನೀಲಿ ಅಂಗಿಯ ನೆರಳಿಗೆ ಬಂದು, ಬೆಚ್ಚಿ, ಮತ್ತೆ ಬಂತು. ಕಲ್ಲಿನ ಸಂದಿನಲ್ಲಿ ಮುಳ್ಳಿನ ಕರಿ ಉಂಡೆಗಳು. ಇನ್ನೂ ಆಚೆ, ನೀರು ಆಳಕ್ಕೆ ಇಳಿಯುವ ಕಡೆ, ಪಾಚಿ ಹಿಡಿದ ಒಂದು ದೊಡ್ಡ ದುಂಡು ಬಂಡೆ. ಅವ್ವ ಅದರ ಮೇಲೆ ಹೋಗಿ ನಿಂತಳು ಅನ್ನಬೇಕು, ನೀರಿನ ಮೇಲೆಯೇ. ಎಷ್ಟು ಹೊತ್ತು ಹಾಗೇ ಇದ್ದಳೋ. ನಾನು ಅವಳ ಸುತ್ತ ಒಂದು ಸುತ್ತು ಬಂದೆ. ಆ ಬಂಡೆಗೆ ಬೆನ್ನಿತ್ತು, ಹೊಟ್ಟೆಯಿತ್ತು, ಒಂದು ಪಕ್ಕ ಮುರಿದಿತ್ತು, ಕೆಳಗೆ ಒಂದು ಏಡಿ ಮನೆ ಮಾಡಿತ್ತು. ಅವ್ವ ಎಲ್ಲವನ್ನೂ, ಒಂದನ್ನೂ ಬಿಡದೆ, ನೋಡಿದಳು. ಯಾರೂ ಜಡೆ ಹಿಡಿದು ಎಳೆಯಲಿಲ್ಲ.

ಮೇಲೆ ತಲೆ ಎತ್ತಿ ನಳಿಗೆ ಉಗುಳಿ ಅಂದಳು: "ಇದು ಬಸವಣ್ಣ ಅಲ್ಲಲೇ. ಬರೇ ಕಲ್ಲು." ನಕ್ಕಳು. "ಬರೇ ಕಲ್ಲಾದ್ರೂ ಪೂರಾ ಕಂಡ್ತು."

ದೋಣಿಯ ಏಣಿಗೆ ಬಂದು ಹಿಡಿದುಕೊಂಡು ಮುಖವಾಡ ಬಿಚ್ಚಿ ಮೇಲೆ ಕೊಟ್ಟಳು. ನಾನೂ ಕೊಟ್ಟೆ, ನಮ್ಮ ಜೊತೆ ಇಳಿದಿದ್ದ ಕೊಟ್ಟೂರಿನ ಗಂಡಹೆಂಡತಿಯೂ ಕೊಟ್ಟರು. ಎಲೆನಿ ಎಲ್ಲವನ್ನೂ ಒಟ್ಟಿಗೆ ಬಕೀಟಿಗೆ ಹಾಕಿ, ಕೈಯಾಡಿಸಿ, ಜಾಲಾಡಿಬಿಟ್ಟಳು.

ಗೌಡರ ಪಾಳಿ. ಅವರು ಬಕೀಟಿನ ಮುಂದೆ ಬಂದು ಬಗ್ಗಿದರು. ಒಂದು ಎತ್ತಿದರು, ಇಟ್ಟರು. ಇನ್ನೊಂದು ಎತ್ತಿ ತಿರುಗಿಸಿ ನೋಡಿದರು, ಅದನ್ನೂ ಇಟ್ಟರು. ಎಲ್ಲವೂ ಕಪ್ಪು, ಎಲ್ಲವೂ ಒದ್ದೆ. ಯಾವುದು ಕನಕಮ್ಮಂದು?

"ಗುರುಮೂರ್ತಿ" ಎಂದರು ಮೆಲ್ಲಗೆ, "ಈ ನೀರು ಹೊಲಸಾಗ್ಯಾದಪ್ಪ. ಬದಲಿ ಮಾಡು ಅಂತ ಹೇಳು ಆಕಿಗೆ."

ಗುರುಮೂರ್ತಿ ಹೇಳಿದ. ಎಲೆನಿ ಹೆಗಲು ಕುಣಿಸಿ, ಮುಖವಾಡ ತೆಗೆದಿಟ್ಟು ಬಕೀಟು ಎತ್ತಿದಳು, ನೀರನ್ನು ಸಮುದ್ರಕ್ಕೆ ಸುರಿದಳು, ಅಲ್ಲೇ, ಏಣಿ ಹಿಡಿದು ತೇಲುತ್ತಿದ್ದ ಅವ್ವನ ಮೊಣಕೈ ಪಕ್ಕದಲ್ಲೇ ಬಕೀಟು ಅದ್ದಿ, ತುಂಬಿಸಿ, ಮೇಲಕ್ಕೆ ಎಳೆದುಕೊಂಡು ಮುಖವಾಡಗಳನ್ನು ಮತ್ತೆ ಅದರಲ್ಲೇ ಹಾಕಿದಳು.

ಅವ್ವ ಕತ್ತೆತ್ತಿದಳು. ಕೂದಲಿಂದ ನೀರು ಸುರಿಯುತ್ತಿತ್ತು.

"ಬಸಣ್ಣ, ಬಕೀಟು ಖಾಲಿ ಮಾಡಿಸಿದಿ, ಸರಿ. ಈಗ ನಾ ಇಳಿದಿರಾದು ಇದ್ರಾಗ." ಅಂಗೈಯಿಂದ ಸಮುದ್ರವನ್ನು ಒಮ್ಮೆ ಚಪ್ಪರಿಸಿದಳು. "ಇದನ್ನ ಖಾಲಿ ಮಾಡಸಾಕ ಎಷ್ಟು ಎಚ್.ಪಿ. ಎಂಜಿನ್ ತರಿಸ್ತಿ?"

ಬಾವಿಯ ಕತೆ ಗೊತ್ತಿಲ್ಲದವರಿಗೂ ಏನೋ ಗೊತ್ತಾಯಿತು. ಗೌಡರ ಮುಖ ಬಿಸಿಲಿಗೋ ಏನೋ ಕೆಂಪಾಯಿತು. "ಅದು ಅಪ್ಪನ ಕಾಲದ್ದು..." ಎಂದು ಶುರು ಮಾಡಿದರು.

"ಬಕೀಟು ಈಗಿಂದು" ಎಂದಳು ಅವ್ವ.

ಆಗ ನಕ್ಕವರು ಶಿವಬಸಮ್ಮ. ಒಮ್ಮೆಲೇ, ಹೊಟ್ಟೆಯಿಂದ, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ಹಾಗೆ. ನಕ್ಕು ಕಣ್ಣೊರೆಸಿಕೊಂಡು, ಗಂಡನನ್ನು ದಾಟಿ ಹೋಗಿ, ಬಕೀಟಿಗೆ ಕೈಹಾಕಿ ಸಿಕ್ಕಿದ್ದೊಂದು ಎತ್ತಿದರು.

"ಏ, ಯಾರದೋ ಏನೋ ಅದು!" ಎಂದರು ಗೌಡರು.

"ಯಾರದಾರ ಇರಲಿ. ಮದಿವ್ಯಾಗಿ ಬಂದಾಗಿಂದ ಆ ಬಾವಿ ನೀರು ಸೇದೀನಿ. ನಿಮ್ಮನಿ ಹೆಣ್ಮಕ್ಕಳು ಬಾವಿಗೆ ಇಳೀಬಾರದು ಅಂತ ನಿಮ್ಮವ್ವ ಒಂದಿನಾನೂ ಇಳಿಸಲಿಲ್ಲ. ನಾನೂ ತಳ ನೋಡ್ತೀನಿ. ಕನಕಮ್ಮಾ, ನನಗ ಈಜು ಬರಂಗಿಲ್ಲ ಮತ್ತ!"

"ಜಾಕೀಟು ಐತಿ, ನಾ ಅದೀನಿ. ಬರ್ರಿ."

ಶಿವಬಸಮ್ಮ ಏಣಿಯ ಒಂದೊಂದೇ ಮೆಟ್ಟಿಲಿಗೆ 'ಶಿವಾ ಶಿವಾ' ಎನ್ನುತ್ತ ಇಳಿದು, ಕೊನೆಗೆ ಅವ್ವನ ಕೈಯನ್ನು ಎರಡೂ ಕೈಯಿಂದ ಹಿಡಿದರು. ಬೋರಲು ಮಲಗಿಸಿದೆವು. ಮುಖ ನೀರಿಗೆ ಹೋದದ್ದೇ ತಡ, ನಳಿಗೆಯೊಳಗಿಂದ ಒಂದು ಉದ್ದನೆಯ 'ಊಊಊ' ಬಂತು. ಹೆದರಿಕೆಯೋ ಖುಷಿಯೋ ಗೊತ್ತಾಗಲಿಲ್ಲ. ಅವ್ವನ ಕೈ ಮಾತ್ರ ಬಿಡಲಿಲ್ಲ.

ಗೌಡರು ಬಕೀಟಿನ ಹತ್ತಿರವೇ ನಿಂತಿದ್ದರು. ಉಳಿದವರು ಒಬ್ಬೊಬ್ಬರಾಗಿ ಬಂದು ಕೈಗೆ ಸಿಕ್ಕಿದ್ದು ಎತ್ತಿಕೊಂಡು ಇಳಿದರು, ಹತ್ತಿದರು, ಮತ್ತೆ ಬಕೀಟಿಗೆ ಹಾಕಿದರು. ಬೇಡ ಅಂದವರು ಯಾರೂ ಇಲ್ಲ, ಅವರ ಪಾಳಿ ಕಸಿದವರೂ ಇಲ್ಲ. ಅವರೇ ಆರಿಸುತ್ತ ಆರಿಸುತ್ತ ನಿಂತರು. ಕೊನೆಗೆ ಎಲೆನಿ ಸೀಟಿ ಊದಿ ಲಂಗರು ಎತ್ತಿದಳು.

ಸಂಜೆ ಇನ್ನೊಂದು ದ್ವೀಪಕ್ಕೆ ಹೋಗುವ ಫೆರ್ರಿಯಲ್ಲಿ ಗೌಡರು ಒಬ್ಬರೇ ಒಳಗೆ ಎ.ಸಿ.ಯಲ್ಲಿ ಕೂತರು. ಶಿವಬಸಮ್ಮ ನಮ್ಮ ಜೊತೆ ಮೇಲೆ, ಗಾಳಿಯಲ್ಲಿ, ಒದ್ದೆ ತಲೆ ಬಿಚ್ಚಿಕೊಂಡು ಕೂತರು. ನಾನು ಅಜ್ಜಿಗೆ ವಿಡಿಯೋ ಕಾಲ್ ಹಚ್ಚಿದೆ. ಅಂಜಿನಕ್ಕನಿಗೆ ಈಗ ಕಣ್ಣು ಮಂದ, ಕಿವಿ ಮಾತ್ರ ಚುರುಕು. ಫೋನನ್ನು ಗಲ್ಲಕ್ಕೆ ಒತ್ತಿಕೊಂಡಿದ್ದಳು, ನಮಗೆ ಕಂಡದ್ದು ಅವಳ ಕಿವಿಯ ಬುಗುಡಿ.

"ಇಳಿದೇನಬೆ?"

"ಇಳಿದೆ."

"ತಳ ಕಂಡ್ತಾ?"

"ಪೂರಾ ಕಂಡ್ತವ್ವ. ಮರಳು, ಮೀನು, ಎಲ್ಲಾ. ಗೌಡ್ರ ಮಗ ಬಸಣ್ಣನೂ ಬಂದಾನ ಇಲ್ಲಿ."

ಆ ಕಡೆ ಫೋನು ಇನ್ನೊಂದು ಕಿವಿಗೆ ಹೋಯಿತು. ಆಮೇಲೆ ಅಜ್ಜಿ ಕೇಳಿದಳು: "ನೀರು ಚೆಲ್ಲಿಸಿದ್ನಾ?"

"ಒಂದು ಬಕೀಟು ಚೆಲ್ಲಿಸಿದ."

"ಒಂದ ಬಕೀಟಾ!" ಅಜ್ಜಿಗೆ ಬೇಜಾರಾದ ಹಾಗಿತ್ತು. "ಕಮ್ಮಿ ಆತು. ನಾಳೆ ಇನ್ನೊಮ್ಮಿ ಜಿಗಿ."

"ಜಿಗೀತೀನಿ" ಎಂದಳು ಅವ್ವ.

"ನಾನೂ" ಎಂದರು ಶಿವಬಸಮ್ಮ, ಫೋನಿನೊಳಕ್ಕೆ ಬಗ್ಗಿ.

"ಯಾರಬೆ ಅದು?" ಎಂದಳು ಅಜ್ಜಿ.